ಹಸುಳೆಯ ನೋವಿಗೆ ಅಳತೆಗೋಲುಂಟೆ?

ಮಾತು ಬಾರದ ಮಕ್ಕಳ ಯಾತನೆಯನ್ನು ತರುಣ ವೈದ್ಯರು ಓದಲು ಕಲಿಯುವ ಬಗೆ

ಅಳದಿದ್ದರೆ ತಾಯಿಯೂ ಹಾಲು ಕೊಡಳೆಂಬುದು ಕನ್ನಡಿಗರ ಮನೆಮನೆಯಲ್ಲಿಯೂ ಕೇಳಿಬರುವ ಮಾತು. ಮನೆಯ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಮಕ್ಕಳ ವಾರ್ಡಿನಲ್ಲಿ ಮೊದಲ ಬಾರಿಗೆ ರಾತ್ರಿಯ ಪಾಳಿಗೆ ನಿಂತ ಹೌಸ್ ಸರ್ಜನ್ ಈ ಗಾದೆಯನ್ನು ನಂಬಿ ನಡೆದರೆ ದಾರಿ ತಪ್ಪುವುದು ಖಂಡಿತ. ಗಂಟಲು ಹರಿಯುವಂತೆ ಅಳುತ್ತಿರುವ ಮಗುವಿಗೆ ಹಸಿವೆಯೋ, ಹೊಸ ಜಾಗದ ಭಯವೋ, ತಾಯಿ ಕಣ್ಮರೆಯಾದಳೆಂಬ ದುಃಖವೋ ಇರಬಹುದು. ಮೂಲೆಯ ಮಂಚದಲ್ಲಿ ಮೊಣಕಾಲು ಮಡಚಿ, ಗೋಡೆಯ ಕಡೆಗೆ ಮುಖ ಮಾಡಿ, ಸದ್ದಿಲ್ಲದೆ ಮಲಗಿರುವ ಮಗುವೇ ಆ ರಾತ್ರಿ ಎಲ್ಲರಿಗಿಂತ ಹೆಚ್ಚಾಗಿ ನೋಯುತ್ತಿರಬಹುದು. ಅಲುಗಿದರೆ ನೋವು ಹೆಚ್ಚುವುದೆಂದು ಕಂಡುಕೊಂಡ ಮಗು ಅಲುಗುವುದಿಲ್ಲ; ಅತ್ತರೆ ಹೊಟ್ಟೆ ಬಿಗಿಯುವುದೆಂದು ಕಂಡುಕೊಂಡ ಮಗು ಅಳುವುದೂ ಇಲ್ಲ. ದೂರದಿಂದ ನೋಡಿದವರಿಗೆ ಅದು ಸುಖನಿದ್ರೆಯಂತೆಯೇ ತೋರುತ್ತದೆ.

ದೊಡ್ಡವರ ನೋವನ್ನು ವಿಚಾರಿಸುವ ಕ್ರಮವನ್ನು ವೈದ್ಯ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಟ್ಟ ಮೊದಲ ದಿನಗಳಲ್ಲಿಯೇ ಬಾಯಿಪಾಠ ಮಾಡಿಕೊಳ್ಳುತ್ತಾರೆ. ನೋವು ಎಲ್ಲಿ? ಎಂದಿನಿಂದ? ಚುಚ್ಚಿದಂತಿದೆಯೊ, ಉರಿದಂತಿದೆಯೊ, ಹಿಂಡಿದಂತಿದೆಯೊ? ಒಂದೆಡೆ ನಿಂತಿದೆಯೊ, ಬೇರೆಡೆಗೆ ಹರಿಯುತ್ತದೆಯೊ? ಒಂದೂವರೆ ವರ್ಷದ ಕೂಸಿನ ಮುಂದೆ ಈ ಪ್ರಶ್ನಾವಳಿ ನಿಷ್ಪ್ರಯೋಜಕ. ಮೂರು ನಾಲ್ಕು ವರ್ಷದ ಮಗು ಉತ್ತರವನ್ನೇನೋ ಕೊಡುತ್ತದೆ; ಆದರೆ ಅದರ ಲೋಕದಲ್ಲಿ ದೇಹಕ್ಕೆಲ್ಲ ಹೊಟ್ಟೆಯೊಂದೇ ಅಂಗ. ಗಂಟಲು ಊದಿಕೊಂಡಿದ್ದರೂ ಹೊಟ್ಟೆ ನೋವು, ಶ್ವಾಸಕೋಶದ ಕೆಳಭಾಗಕ್ಕೆ ನ್ಯುಮೋನಿಯ ತಗುಲಿದ್ದರೂ ಹೊಟ್ಟೆ ನೋವು. ಮಂಡಿ ನೋಯುತ್ತದೆಂದು ಕುಂಟುತ್ತ ಬಂದ ಹುಡುಗನ ಮಂಡಿಯನ್ನು ಎಷ್ಟು ತಡವಿ ನೋಡಿದರೂ ದೋಷ ಕಾಣದು. ಕೆಡುಕು ಇರುವುದು ಮೇಲೆ, ತೊಡೆಮೂಳೆ ಸೇರುವ ಸೊಂಟದ ಕೀಲಿನಲ್ಲಿ. ಎರಡೂ ಕಡೆಗೆ ಹೋಗುವ ನರ ಒಂದೇ ಆದುದರಿಂದ ಮಗು ಮೋಸ ಹೋಗುತ್ತದೆ. ಅದರ ಹಿಂದೆಯೇ ವೈದ್ಯರೂ ಮೋಸ ಹೋಗುತ್ತಾರೆ.

ಇಷ್ಟು ಸಾಲದೆಂಬಂತೆ ಮಕ್ಕಳು ಸುಳ್ಳನ್ನೂ ಹೇಳುತ್ತಾರೆ, ಅದೂ ಸಕಾರಣವಾಗಿ. “ಏನು ಪುಟ್ಟಾ, ನೋವಿದೆಯಾ?” ಎಂದು ಬಿಳಿಯ ಕೋಟಿನವರು ಕೇಳಿದಾಗ, “ಹೌದು” ಎಂದರೆ ಸೂಜಿ ಬರುವುದೆಂದು ಎರಡು ದಿನ ಆಸ್ಪತ್ರೆಯಲ್ಲಿದ್ದ ಮಗು ತಿಳಿದುಕೊಂಡಿರುತ್ತದೆ. ಆದುದರಿಂದ “ಇಲ್ಲ, ಮನೆಗೆ ಹೋಗ್ತೀನಿ” ಎನ್ನುತ್ತದೆ. ಗಂಡುಮಕ್ಕಳಾದರೆ “ಗಂಡಸು ಅಳಬಾರದು” ಎಂಬ ತಂದೆಯ ಬುದ್ಧಿವಾದವೂ ಸೇರಿರುತ್ತದೆ. ನೋವನ್ನು ಇಳಿಸುವ ಔಷಧವು ನೋವಿನ ಸೂಜಿಯಲ್ಲಿಯೇ ಬರುವುದು ಮಗುವಿಗೆ ಅರ್ಥವಾಗದಿದ್ದರೆ ಆಶ್ಚರ್ಯವೇನು? ಸಾಧ್ಯವಾದಷ್ಟೂ ಬಾಯಿಂದಲೇ, ಇಲ್ಲವೆ ಆಗಲೇ ಹಾಕಿರುವ ನಾಳದ ಮೂಲಕವೇ ಔಷಧವನ್ನು ಕೊಡಬೇಕೆಂದು ಮಕ್ಕಳ ವೈದ್ಯರು ಈಗ ಶಿಷ್ಯರಿಗೆ ಒತ್ತಿ ಹೇಳುವುದು ಈ ಕಾರಣದಿಂದ.

ನಂಬಲೊಲ್ಲದ ಕಾಲ

ಮಕ್ಕಳ ನೋವನ್ನು ಅಳೆಯುವ ವಿದ್ಯೆ ತೀರ ಈಚಿನದು. 1846ರಲ್ಲಿಯೇ ಬಾಸ್ಟನ್ ನಗರದಲ್ಲಿ ಈಥರಿನ ಬಲದಿಂದ ನೋವಿಲ್ಲದ ಶಸ್ತ್ರಕ್ರಿಯೆ ಬಹಿರಂಗವಾಗಿ ನಡೆದು ಜಗತ್ತನ್ನು ಬೆರಗುಗೊಳಿಸಿತ್ತು. ಆದರೂ ಎಳೆಯ ಶಿಶುಗಳಿಗೆ ನೋವೆಂಬುದು ಸರಿಯಾಗಿ ತಿಳಿಯುವುದೇ ಇಲ್ಲವೆಂಬ ನಂಬಿಕೆ ಅದರ ಬಳಿಕವೂ ನೂರು ವರ್ಷಗಳಿಗೆ ಮಿಕ್ಕಿ ಬದುಕಿತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮರ್ಟಲ್ ಮೆಕ್‌ಗ್ರಾ 1941ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಶುಗಳಿಗೆ ಗುಂಡುಸೂಜಿಯನ್ನು ಚುಚ್ಚಿ, ಅವು ಹೇಗೆ ಪ್ರತಿಕ್ರಿಯಿಸುತ್ತವೆಂದು ನೋಡಿದ್ದರು. ಹುಟ್ಟಿದ ಮೊದಲ ದಿನಗಳಲ್ಲಿ ಮೆದುಳಿನ ಮೇಲುಪದರ ಇನ್ನೂ ಕೆಲಸಕ್ಕೆ ತೊಡಗಿರುವುದಿಲ್ಲ, ಶಿಶು ತೋರುವುದು ಬರಿಯ ಯಾಂತ್ರಿಕ ಚಲನೆ ಎಂಬ ಅಭಿಪ್ರಾಯಕ್ಕೆ ಇಂತಹ ಅಧ್ಯಯನಗಳು ಬಲ ಕೊಟ್ಟವು. ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಪೂರ್ತಿಯಾಗಿ ಬೆಳೆಯದಿರುವಾಗ ನೋವಿನ ಸುದ್ದಿ ಮೆದುಳನ್ನು ಮುಟ್ಟುವುದಾದರೂ ಹೇಗೆ ಎಂಬ ವಾದವೂ ಇತ್ತು.

ಸ್ವಲ್ಪ ದೊಡ್ಡ ಮಕ್ಕಳ ಗತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ಅಮೆರಿಕದ ದಾದಿ, ಸಂಶೋಧಕಿ ಜೋಆನ್ ಈಲ್ಯಾಂಡ್ 1977ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಲೆಕ್ಕವೊಂದನ್ನು ಮಕ್ಕಳ ವೈದ್ಯರು ಇಂದಿಗೂ ನೆನೆಯುತ್ತಾರೆ. ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 25 ಮಕ್ಕಳಲ್ಲಿ 13 ಮಕ್ಕಳಿಗೆ ನೋವು ನಿವಾರಕ ಒಂದು ಸಲವೂ ಸಿಕ್ಕಿರಲಿಲ್ಲ. ಉಳಿದ 12 ಮಕ್ಕಳಿಗೆಲ್ಲ ಸೇರಿ ಸಿಕ್ಕಿದ್ದು 24 ಸಲ. ಅಂತಹವೇ ಕಾಯಿಲೆಗಳಿದ್ದ 18 ಮಂದಿ ದೊಡ್ಡವರಿಗೆ 671 ಸಲ ಔಷಧ ಸಂದಿತ್ತು! ದೊಡ್ಡವರು ಗಂಟೆ ಬಾರಿಸಿ ದಾದಿಯನ್ನು ಕರೆದರು, ಕೂಗಾಡಿದರು, ಪಡೆದರು. “ಅಗತ್ಯವಿದ್ದಾಗ ಕೊಡುವುದು” ಎಂದು ಚೀಟಿಯಲ್ಲಿ ಬರೆದು ಹೋದರೆ, ಆ ಅಗತ್ಯವನ್ನು ಬಾಯಿಬಿಟ್ಟು ಹೇಳಲಾರದವರಿಗೆ ಔಷಧ ತಲುಪುವುದಾದರೂ ಹೇಗೆ?

1985ರಲ್ಲಿ ವಾಷಿಂಗ್ಟನ್ ನಗರದ ಆಸ್ಪತ್ರೆಯೊಂದರಲ್ಲಿ, ಅವಧಿಗೆ ಬಹಳ ಮುನ್ನ ಹುಟ್ಟಿದ್ದ ಗಂಡುಶಿಶುವಿಗೆ ಹೃದಯದ ಬಳಿಯ ರಕ್ತನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆ ನಡೆಯಿತು. ಕೈಕಾಲು ಆಡದಂತೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧವನ್ನು ಕೊಟ್ಟಿದ್ದರು. ನೋವು ತಿಳಿಯದಂತೆ ಮಾಡುವ ಔಷಧವನ್ನು ಕೊಟ್ಟಿರಲಿಲ್ಲ. ಕೆಲವು ವಾರಗಳಲ್ಲಿ ಶಿಶು ತೀರಿಕೊಂಡಿತು. ತಾಯಿ ಆಮೇಲೆ ವಿಚಾರಿಸಿದಾಗ ಈ ಸಂಗತಿ ಹೊರಬಿದ್ದಿತು. 1986ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗಿ ದೇಶವೆಲ್ಲ ದಿಗ್ಭ್ರಮೆಗೊಂಡಿತು. ಎಲ್ಲಕ್ಕಿಂತ ಮಿಗಿಲಾದ ಆಘಾತವೆಂದರೆ ಅಲ್ಲಿ ಯಾರೂ ನಿಯಮ ಮೀರಿ ನಡೆದಿರಲಿಲ್ಲವೆಂಬುದು. ಅಷ್ಟು ಎಳೆಯ ಜೀವ ಅರಿವಳಿಕೆಯನ್ನು ತಡೆದುಕೊಳ್ಳಲಾರದೆಂಬ ಹೆದರಿಕೆಯಿಂದ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಆ ದಿನಗಳಲ್ಲಿ ನಡೆದುಬಂದಿದ್ದ ಪದ್ಧತಿಯೇ ಅದು.

ಇಂದೋರಿನಿಂದ ಬಂದ ತರುಣ

ಈ ಪದ್ಧತಿಯ ಬುಡವನ್ನು ಅಲುಗಾಡಿಸಿದವರು ಹಿರಿಯ ಪ್ರಾಧ್ಯಾಪಕರಲ್ಲ, ಇನ್ನೂ ತರಬೇತಿಯಲ್ಲಿದ್ದ ಒಬ್ಬ ಭಾರತೀಯ ವೈದ್ಯರು. ಇಂದೋರಿನ ಮಹಾತ್ಮ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಕನ್ವಲ್‌ಜೀತ್ ಸಿಂಗ್ ಆನಂದ್ ರೋಡ್ಸ್ ವಿದ್ಯಾರ್ಥಿವೇತನವನ್ನು ಪಡೆದು 1980ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡಿಗೆ ಹೋದರು. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಅವರ ಕೆಲಸ. ಶಸ್ತ್ರಚಿಕಿತ್ಸೆಗೆಂದು ಇಲ್ಲಿಂದ ಕಳುಹಿಸುವಾಗ ಚೆನ್ನಾಗಿಯೇ ಇದ್ದ ಶಿಶುಗಳು ಹಿಂದಿರುಗುವಾಗ ಬೂದಿಬಣ್ಣಕ್ಕೆ ತಿರುಗಿ, ಉಸಿರು ಮೇಲುಮೇಲಾಗಿ, ನಾಡಿ ಕುಗ್ಗಿ ಬರುತ್ತಿದ್ದವು. ಅವನ್ನು ಮತ್ತೆ ಹಳಿಗೆ ತರಲು ಗಂಟೆಗಟ್ಟಲೆ ಹೆಣಗಬೇಕಾಗುತ್ತಿತ್ತು. ಒಳಗೆ ಏನು ನಡೆಯುತ್ತದೆಂದು ನೋಡಲು ಆನಂದ್ ಅನುಮತಿ ಪಡೆದು ಶಸ್ತ್ರಚಿಕಿತ್ಸೆಯ ಕೋಣೆಗೆ ಹೋದರು. ಶಿಶುಗಳಿಗೆ ಸಾಕಷ್ಟು ಅರಿವಳಿಕೆಯನ್ನು ಕೊಡುತ್ತಲೇ ಇಲ್ಲವೆಂಬುದು ಆಗ ಅವರಿಗೆ ಗೊತ್ತಾಯಿತು.

ಕರುಣೆಯ ಮಾತುಗಳಿಂದ ಅಲ್ಲಿ ಯಾರ ಮನಸ್ಸೂ ಬದಲಾಗುವಂತಿರಲಿಲ್ಲ. ಆನಂದ್ ಅಳತೆಯ ಹಾದಿ ಹಿಡಿದರು. ಅವಧಿಗೆ ಮುನ್ನ ಹುಟ್ಟಿ ಹೃದಯದ ಬಳಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಿದ್ದ 16 ಶಿಶುಗಳಲ್ಲಿ 8ಕ್ಕೆ ರೂಢಿಯಂತೆ ನೈಟ್ರಸ್ ಆಕ್ಸೈಡ್ ಅನಿಲ, ಸ್ನಾಯುಗಳನ್ನು ಸಡಿಲಿಸುವ ಔಷಧ. ಇನ್ನುಳಿದ 8ಕ್ಕೆ ಇವುಗಳ ಜೊತೆಗೆ ಫೆಂಟನಿಲ್ ಎಂಬ ಪ್ರಬಲ ನೋವು ನಿವಾರಕ. ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಫೆಂಟನಿಲ್ ದೊರೆಯದ ಶಿಶುಗಳ ರಕ್ತದಲ್ಲಿ ದೇಹವು ಸಂಕಟಕಾಲದಲ್ಲಿ ಹೊರಚೆಲ್ಲುವ ಅಡ್ರಿನಲಿನ್ ಮೊದಲಾದ ರಸಗಳು ಉಕ್ಕೇರಿದ್ದವು. ಸಕ್ಕರೆಯ ಅಂಶ ಏರಿತ್ತು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಅವಕ್ಕೇ ಹೆಚ್ಚು. 1987ರ ಜನವರಿಯಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ವರ್ಷ ಆನಂದ್ ತಮ್ಮ ಸಹೋದ್ಯೋಗಿ ಹಿಕಿಯವರೊಡನೆ ಬರೆದ ಇನ್ನೊಂದು ಲೇಖನ ಮೈಲಿನ್ ವಾದಕ್ಕೂ ಉತ್ತರ ಕೊಟ್ಟಿತು: ಹೊದಿಕೆ ಇಲ್ಲದ ನರದಲ್ಲಿ ಸುದ್ದಿ ನಿಧಾನವಾಗಿ ಸಾಗುತ್ತದೆ, ಅಷ್ಟೆ. ಶಿಶುವಿನ ಪುಟ್ಟ ದೇಹದಲ್ಲಿ ಅದು ಸಾಗಬೇಕಾದ ದೂರವೂ ಕಡಮೆಯಲ್ಲವೆ? ನೋವು ನಿವಾರಣೆಗೆ ಯೋಗ್ಯವಾದ ಔಷಧಗಳು ಇವೆ, ನವಜಾತ ಶಿಶುಗಳಿಗೂ ಅವನ್ನು ಬಳಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1987ರಲ್ಲಿಯೇ ಸಾರಿತು.

2015ರಲ್ಲಿ ಆಕ್ಸ್‌ಫರ್ಡಿನ ಮತ್ತೊಂದು ತಂಡ ನಿದ್ರಿಸುತ್ತಿದ್ದ 10 ನವಜಾತ ಶಿಶುಗಳ ಪಾದವನ್ನು ಗಾಯವಾಗದಂತೆ ಮೆಲ್ಲಗೆ ಚುಚ್ಚಿ, ಕಾಂತಯಂತ್ರದಿಂದ ಮೆದುಳಿನ ಚಿತ್ರವನ್ನು ತೆಗೆಯಿತು. ದೊಡ್ಡವರಲ್ಲಿ ನೋವಿನ ಹೊತ್ತಿಗೆ ಚುರುಕಾಗುವ 20 ನೆಲೆಗಳಲ್ಲಿ 18 ನೆಲೆಗಳು ಶಿಶುಗಳಲ್ಲಿಯೂ ಚುರುಕಾದವು. ಎತ್ತಿಕೊಂಡ ತಾಯಂದಿರಿಗೆ ಎಂದಿನಿಂದಲೋ ತಿಳಿದಿದ್ದ ಸಂಗತಿ ಹೀಗೆ ಚಿತ್ರಸಹಿತವಾಗಿ ಸಿದ್ಧವಾಯಿತು.

ಆರು ಮುಖಗಳು, ನಾಲ್ಕು ಬಿಲ್ಲೆಗಳು

ನೋವಿದೆಯೆಂದು ಒಪ್ಪಿಕೊಂಡ ಮೇಲೆ ಎಷ್ಟಿದೆ ಎಂಬ ಪ್ರಶ್ನೆ. ಜ್ವರಕ್ಕೆ ಉಷ್ಣಮಾಪಕವಿದ್ದಂತೆ ನೋವಿಗೆ ಯಂತ್ರವಿಲ್ಲ. 1979ರಲ್ಲಿ ಹೆಸ್ಟರ್ ಎಂಬ ಅಮೆರಿಕದ ದಾದಿ ಒಂದು ಸರಳ ಉಪಾಯವನ್ನು ಮುಂದಿಟ್ಟರು. ಮಗುವಿನ ಮುಂದೆ ಇಸ್ಪೀಟಾಟದ ನಾಲ್ಕು ಕೆಂಪು ಬಿಲ್ಲೆಗಳನ್ನು ಇಡುವುದು. ಇವೆಲ್ಲ ನೋವಿನ ತುಂಡುಗಳು, ಒಂದೆಂದರೆ ಸ್ವಲ್ಪ, ನಾಲ್ಕೆಂದರೆ ಬೆಟ್ಟದಷ್ಟು. ನಿನ್ನ ಹತ್ತಿರ ಎಷ್ಟು ತುಂಡುಗಳಿವೆ, ಎತ್ತಿಕೋ ಎನ್ನುವುದು. ಅಂಕಿಗಳನ್ನು ಅರಿಯದ ಮಗುವೂ ಬಿಲ್ಲೆಗಳನ್ನು ಎತ್ತಿಕೊಳ್ಳಬಲ್ಲುದು.

ಇದಕ್ಕಿಂತ ಪ್ರಸಿದ್ಧವಾದುದು ಮುಖಗಳ ಸಾಲು. 1980ರ ದಶಕದ ಮೊದಲಲ್ಲಿ ಅಮೆರಿಕದ ಟಲ್ಸಾ ನಗರದಲ್ಲಿ ಸುಟ್ಟಗಾಯಗಳ ಮಕ್ಕಳೊಡನೆ ಕೆಲಸ ಮಾಡುತ್ತಿದ್ದ ಡೊನ್ನಾ ವಾಂಗ್, ಕೋನಿ ಬೇಕರ್ ಎಂಬಿಬ್ಬರು ಮಹಿಳೆಯರು, ಮಕ್ಕಳ ಕೈಯಲ್ಲಿಯೇ ಮುಖಗಳನ್ನು ಬರೆಯಿಸಿ, ಅವುಗಳಿಂದ ನಗುಮುಖದಿಂದ ಹಿಡಿದು ಕಣ್ಣೀರಿಡುವ ಮುಖದವರೆಗೆ ಆರು ಮುಖಗಳನ್ನು ಸಿದ್ಧಪಡಿಸಿದರು. ಮೊದಲನೆಯದಕ್ಕೆ ಸೊನ್ನೆ, ಕೊನೆಯದಕ್ಕೆ 10. ಮೂರು ವರ್ಷ ದಾಟಿದ ಮಗು ತನ್ನದು ಯಾವುದೆಂದು ಬೆರಳಿಟ್ಟು ತೋರಿಸುತ್ತದೆ. ಇದರಲ್ಲಿಯೂ ಒಂದು ತೊಡಕುಂಟು. ನೋವಿಲ್ಲದಿದ್ದರೂ ಅಮ್ಮ ಊರಿಗೆ ಹೋದಳೆಂದು ಅಳುತ್ತಿರುವ ಮಗು ಕಣ್ಣೀರಿನ ಮುಖವನ್ನೇ ತೋರಿಸಬಹುದು. ನೋವು ವಿಪರೀತವಿದ್ದರೂ ತಾನು ಅಳುತ್ತಿಲ್ಲವೆಂದು ಅದನ್ನು ಬಿಡಬಹುದು. ನಗುವೂ ಕಣ್ಣೀರೂ ಇಲ್ಲದ, ನೋವಿನ ಗೆರೆಗಳು ಮಾತ್ರ ಏರುತ್ತ ಹೋಗುವ ಇನ್ನೊಂದು ಮುಖಮಾಲೆ 2001ರಲ್ಲಿ ಪರಿಷ್ಕಾರಗೊಂಡು ಬಂದುದು ಇದೇ ಕಾರಣದಿಂದ.

ಬೆರಳು ತೋರಿಸಲೂ ಬಾರದ ಕೂಸುಗಳಿಗೆ ವೈದ್ಯರ ಕಣ್ಣೇ ಅಳತೆಗೋಲು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದವರು 1997ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ನೋಡತಕ್ಕವು ಐದು: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಕ್ಕೆ ಬಗ್ಗುವ ಬಗೆ. ಒಂದೊಂದಕ್ಕೂ ಸೊನ್ನೆಯಿಂದ 2ರವರೆಗೆ ಅಂಕ. ಕಾಲು ಸಡಿಲವಾಗಿದ್ದರೆ ಸೊನ್ನೆ, ಚಡಪಡಿಸಿದರೆ 1, ಒದೆದರೆ ಅಥವಾ ಹೊಟ್ಟೆಗೆ ಎಳೆದುಕೊಂಡರೆ 2. ಎತ್ತಿ ತಟ್ಟಿದಾಗ ಸುಮ್ಮನಾದರೆ 1, ಯಾವ ಲಾಲನೆಗೂ ಸುಮ್ಮನಾಗದಿದ್ದರೆ 2. ಎರಡು ತಿಂಗಳಿಂದ ಏಳು ವರ್ಷದವರೆಗಿನ ಮಕ್ಕಳಿಗೆ ಇದು ಸಲ್ಲುತ್ತದೆ. ಆದರೆ ಅಲುಗಾಡದೆ ಮಲಗಿದ ಮಗುವಿಗೆ ಈ ಕ್ರಮದಲ್ಲಿ ಅಂಕ ಕಡಮೆಯೇ ಬರುತ್ತದೆಂಬುದನ್ನು ಮರೆಯುವಂತಿಲ್ಲ. ಎರಡು ನಿಮಿಷದ ನೋಟಕ್ಕಿಂತ, ದಿನವೆಲ್ಲ ಬಳಿಯಲ್ಲಿ ಕುಳಿತ ತಾಯಿಯ “ಇವನು ಹೀಗಿರುವವನಲ್ಲ ಡಾಕ್ಟ್ರೇ” ಎಂಬ ಒಂದು ಮಾತು ಹೆಚ್ಚು ತೂಗಬಹುದು. ಅಂಕ ಬರೆಯುವ ಅವಸರದಲ್ಲಿ ಅದನ್ನು ಕೇಳಿಸಿಕೊಳ್ಳದ ತರುಣ ವೈದ್ಯನಿಗೆ ಯಾವ ಮುಖಮಾಲೆಯೂ ಸಹಾಯಕ್ಕೆ ಬಾರದು.

ಹೊಟ್ಟೆ ಮುಟ್ಟುವ ಮೊದಲು

ಕರುಳಬಾಲ ಊದಿಕೊಂಡು ನರಳುವ ಮಗುವಿನ ಪರೀಕ್ಷೆಯಲ್ಲಿ ಈ ಶಿಕ್ಷಣದ ಸೊಗಸನ್ನೂ ಕಷ್ಟವನ್ನೂ ಕಾಣಬಹುದು. ಅನುಭವಸ್ಥರು ನೆಟ್ಟಗೆ ಹೋಗಿ ಹೊಟ್ಟೆಯನ್ನು ಒತ್ತುವುದಿಲ್ಲ. ಮಗು ಬಾಗಿಲಿನಿಂದ ಮಂಚದವರೆಗೆ ನಡೆದು ಬರುವುದನ್ನು ನೋಡುತ್ತಾರೆ. ಬಾಗಿ ನಡೆಯಿತೊ, ಬಲಗಾಲನ್ನು ಎಳೆಯಿತೊ? ಒಂದು ಸಲ ಕೆಮ್ಮು ಎನ್ನುತ್ತಾರೆ, ಕುಂಟಾಟದಂತೆ ಒಂದು ಕಾಲಲ್ಲಿ ನೆಗೆ ಎನ್ನುತ್ತಾರೆ. ಆಟವೆಂದು ನೆಗೆಯಹೋದ ಹುಡುಗಿ ಅರ್ಧದಲ್ಲಿಯೇ ಹೊಟ್ಟೆ ಹಿಡಿದು ನಿಂತರೆ, ಕೈಯಿಂದ ಒತ್ತಿ ತಿಳಿಯಬೇಕಾದುದೆಲ್ಲ ತಿಳಿದಂತೆಯೇ ಸರಿ. ಮುಟ್ಟಬೇಕಾದಾಗಲೂ ಕೈಯನ್ನು ಬೆಚ್ಚಗೆ ಮಾಡಿಕೊಂಡು, ನೋವಿಲ್ಲದ ಕಡೆಯಿಂದ ಆರಂಭಿಸಿ, ಕಣ್ಣನ್ನು ಹೊಟ್ಟೆಯ ಮೇಲಲ್ಲ, ಮಗುವಿನ ಮುಖದ ಮೇಲೆ ಇಟ್ಟಿರುತ್ತಾರೆ.

ಆ ಬಳಿಕ ಔಷಧದ ಪ್ರಶ್ನೆ. ಶಸ್ತ್ರವೈದ್ಯರು ಬಂದು ನೋಡುವವರೆಗೂ ನೋವಿನ ಔಷಧ ಕೊಡಕೂಡದು, ಕೊಟ್ಟರೆ ರೋಗದ ಗುರುತು ಮುಚ್ಚಿಹೋಗುವುದೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರು. ಕಣ್ಣಿನ ಮುಂದೆ ಮಗು ನರಳುತ್ತಿದ್ದರೂ ಹಿರಿಯರ ಗದರಿಕೆಗೆ ಅಂಜಿ ಕೈಕಟ್ಟಿ ನಿಂತ ಹೌಸ್ ಸರ್ಜನ್ನರು ಎಷ್ಟು ಮಂದಿಯೋ! 2002ರಲ್ಲಿಯೂ 2005ರಲ್ಲಿಯೂ ಪ್ರಕಟವಾದ, ಮಕ್ಕಳ ಮೇಲೆಯೇ ನಡೆದ ಪರೀಕ್ಷೆಗಳಲ್ಲಿ ಮಾರ್ಫಿನ್ ನೋವನ್ನು ತಗ್ಗಿಸಿತು, ರೋಗನಿರ್ಣಯವನ್ನು ಕೆಡಿಸಲಿಲ್ಲ. ನೋವು ತಗ್ಗಿದ ಮಗು ಹೊಟ್ಟೆಯನ್ನು ಸಡಿಲಬಿಟ್ಟು ಮುಟ್ಟಗೊಡುವುದೂ ಒಂದು ಲಾಭ.

ಮಾರ್ಫಿನ್ ಎಂದೊಡನೆ ಎರಡು ಭಯಗಳು ಎದುರು ನಿಲ್ಲುತ್ತವೆ. ಒಂದು, ಉಸಿರು ಕುಗ್ಗೀತೆಂಬುದು. ಇನ್ನೊಂದು, ಮಗು ಅದಕ್ಕೆ ದಾಸನಾದೀತೆಂಬುದು. ಮೊದಲನೆಯದು ನಿಜವಾದ ಅಪಾಯ. ಅದಕ್ಕಾಗಿಯೇ ಮೈತೂಕಕ್ಕೆ ಸರಿಯಾಗಿ ಲೆಕ್ಕ ಹಾಕಿ, ಸ್ವಲ್ಪಸ್ವಲ್ಪವಾಗಿ ಕೊಟ್ಟು, ಉಸಿರನ್ನು ಎಣಿಸುತ್ತ ಕೂರುವುದನ್ನೂ, ಅತಿಯಾದರೆ ನಾಲಾಕ್ಸೋನ್ ಎಂಬ ಪ್ರತ್ಯೌಷಧವನ್ನು ಕೊಡುವುದನ್ನೂ ಕಲಿಸುತ್ತಾರೆ. ಎರಡನೆಯದು ಮುರಿದ ಮೂಳೆಗೋ ಶಸ್ತ್ರಚಿಕಿತ್ಸೆಗೋ ನಾಲ್ಕು ದಿನ ಔಷಧ ಪಡೆದ ಮಗುವಿನ ವಿಷಯದಲ್ಲಿ ಬಹುಮಟ್ಟಿಗೆ ನಿರಾಧಾರ. ಸೌಮ್ಯವೆಂದು ನಂಬಿದ್ದ ಕೋಡೀನ್ ಎಂಬ ಔಷಧವೇ ಕೆಲವು ಮಕ್ಕಳ ದೇಹದಲ್ಲಿ ಅತಿವೇಗವಾಗಿ ಮಾರ್ಫಿನ್ನಾಗಿ ಮಾರ್ಪಟ್ಟು ಪ್ರಾಣಕ್ಕೆ ಎರವಾದುದು ಕಂಡುಬಂದಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಚಿಕಿತ್ಸೆಯಿಂದ ಅದನ್ನು ಕೈಬಿಟ್ಟು, ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್, ತೀವ್ರ ನೋವಿಗೆ ಮಾರ್ಫಿನ್ ಎಂಬ ಎರಡೇ ಮೆಟ್ಟಿಲುಗಳನ್ನು ಉಳಿಸಿತು.

ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ದೇಶ ಭಾರತ. ಆದರೂ 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದಾಗಿ ಇಲ್ಲಿನ ಆಸ್ಪತ್ರೆಗಳಲ್ಲಿಯೇ ಮಾರ್ಫಿನ್ ದುರ್ಲಭವಾಯಿತು; ಅದನ್ನು ಕೈಯಲ್ಲಿ ಹಿಡಿದೇ ನೋಡದೆ ಪದವಿ ಪಡೆದ ವೈದ್ಯರ ಪೀಳಿಗೆಯೇ ಬೆಳೆಯಿತು. 2014ರ ತಿದ್ದುಪಡಿ ಪರವಾನಗಿಯ ಗೊಂದಲವನ್ನು ಎಷ್ಟೋ ಸಡಿಲಿಸಿತು. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಅರಿವಳಿಕೆ ಶಾಸ್ತ್ರದ ಅಂಗವಾಗಿ ನೋವಿನ ನಿರ್ವಹಣೆಗೂ ಸ್ಥಾನ ದೊರೆಯಿತು. ನೋವಿನ ಮಟ್ಟವನ್ನು ರೋಗಿಯಿಂದ, ಇಲ್ಲವೆ ರೋಗಿಯ ಪರವಾಗಿ ಮಾತನಾಡುವವರಿಂದ ತಿಳಿಯಲು ವಿದ್ಯಾರ್ಥಿ ಶಕ್ತನಾಗಬೇಕೆಂದು ಅಲ್ಲಿ ವಿಧಿಸಿದೆ.

ಸೂಜಿಯ ಹೊತ್ತು

ಶಸ್ತ್ರಚಿಕಿತ್ಸೆಯ ನೋವಿಗಿಂತ ಸಣ್ಣಸಣ್ಣ ಚುಚ್ಚುವಿಕೆಗಳ ಒಟ್ಟು ಮೊತ್ತವೇ ಕೆಲವು ಶಿಶುಗಳಿಗೆ ದೊಡ್ಡದು. ಪ್ಯಾರಿಸ್ ಪ್ರಾಂತದ ನಿಗಾ ಘಟಕಗಳಲ್ಲಿ 430 ನವಜಾತ ಶಿಶುಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದೊಂದು ಶಿಶುವಿಗೆ ದಿನಕ್ಕೆ ಸುಮಾರು 10 ನೋವಿನ ಪ್ರಸಂಗಗಳು. ಅವುಗಳಲ್ಲಿ 100ಕ್ಕೆ 79ರಷ್ಟು ವಿಶೇಷ ನೋವು ನಿವಾರಣೆಯಿಲ್ಲದೆಯೇ ನಡೆದಿದ್ದವು. ಹಿಮ್ಮಡಿ ಚುಚ್ಚುವ ಎರಡು ನಿಮಿಷ ಮೊದಲು ನಾಲಿಗೆಗೆ ಸಕ್ಕರೆ ನೀರಿನ ತೊಟ್ಟು ಹಾಕುವುದು ಆಸ್ಪತ್ರೆಗಳಲ್ಲಿ ರೂಢಿಗೆ ಬಂದಿದೆ. ಅಳು ತಗ್ಗುತ್ತದೆ, ಮುಖ ಕಿವುಚುವುದೂ ತಗ್ಗುತ್ತದೆ. ಆದರೆ 2010ರಲ್ಲಿ ಬ್ರಿಟನ್ನಿನ ಸಂಶೋಧಕರು ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆದಾಗ, ಮುಖ ಶಾಂತವಾದರೂ ಮೆದುಳಿನಲ್ಲಿ ನೋವಿನ ಅಲೆ ಇಳಿದಿರಲಿಲ್ಲ. ತಗ್ಗಿದುದು ನೋವೋ, ನೋವಿನ ಮುಖವೋ? ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಮನೆಯವರು ಇದನ್ನು ಕೇಳಿ ಸಕ್ಕರೆಯ ಬದಲು ಜೇನುತುಪ್ಪ ನೆಕ್ಕಿಸಹೋಗಬಾರದು. ವರ್ಷ ತುಂಬದ ಮಗುವಿಗೆ ಜೇನು ಅಪಾಯಕರ. ದೊಡ್ಡವರ ಆಸ್ಪಿರಿನ್ ಮಾತ್ರೆಯನ್ನು ಮುರಿದು ಕೊಡುವುದಂತೂ ಕೂಡದೇ ಕೂಡದು.

ಲಸಿಕೆಯ ಕೋಣೆಯಲ್ಲಿ ಮಾಡತಕ್ಕುದನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ವಿವರಿಸಿದೆ. ಕೂಸನ್ನು ಮಂಚದ ಮೇಲೆ ಅಂಗಾತ ಅದುಮಿ ಹಿಡಿಯದೆ ತಾಯಿಯ ಮಡಿಲಲ್ಲಿಯೇ ಇಟ್ಟುಕೊಳ್ಳಬೇಕು. ಹಾಲುಣಿಸುವ ಕೂಸಾದರೆ ಆಗಲೇ ಮೊಲೆಗೆ ಹಾಕಬೇಕು. ಒಂದೇ ದಿನ ಹಲವು ಲಸಿಕೆಗಳಿದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಕೊಡಬೇಕು. ದೊಡ್ಡ ಮಗುವಿಗೆ ಸಾಬೂನಿನ ಗುಳ್ಳೆ ಊದಲು ಕೊಟ್ಟರೆ ಉಸಿರೂ ನಿಧಾನವಾಗುತ್ತದೆ, ಮನಸ್ಸೂ ಅತ್ತ ಹರಿಯುತ್ತದೆ. “ಏನೂ ನೋವಾಗಲ್ಲ ಕಣೋ” ಎಂಬ ಸುಳ್ಳು ಒಂದೇ ಸಲ ಚಲಾವಣೆಯಾಗುವ ನಾಣ್ಯ. ಅನ್ನ ಉಣ್ಣದ ಮಗುವಿಗೆ “ಡಾಕ್ಟರ ಹತ್ತಿರ ಹೋಗಿ ಸೂಜಿ ಚುಚ್ಚಿಸ್ತೀನಿ ನೋಡು” ಎಂದು ಮನೆಯಲ್ಲಿ ದಿನವೂ ಹೆದರಿಸಿದರೆ, ಆ ಭಯವನ್ನು ಇಳಿಸುವ ಕೆಲಸ ಆಸ್ಪತ್ರೆಯಲ್ಲಿ ಯಾರ ಪಾಲಿಗೆ ಬರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಕೆನಡಾದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿದ ಹೊಸತರಲ್ಲಿ ಅರಿವಳಿಕೆಯಿಲ್ಲದೆ ಸುನ್ನತಿಯಾಗಿದ್ದ ಗಂಡುಶಿಶುಗಳು ನಾಲ್ಕು ಆರು ತಿಂಗಳ ಬಳಿಕ ಲಸಿಕೆಯ ಸೂಜಿಗೆ ಉಳಿದವರಿಗಿಂತ ಹೆಚ್ಚಾಗಿ ಅತ್ತವು. ನೆನಪೆಂಬುದು ಮಾತು ಬರುವುದಕ್ಕೆ ಮೊದಲೇ ಆರಂಭವಾಗುತ್ತದೆ.

ಇಷ್ಟೆಲ್ಲವನ್ನೂ ಕಲಿತ ತರುಣ ವೈದ್ಯರು ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಕೊನೆಯ ಒಂದು ಕೆಲಸವನ್ನು. ನೋವಿಗೆ 8 ಎಂದು ಅಂಕ ಹಾಕಿ, ಔಷಧ ಬರೆದು, ಮುಂದಿನ ಮಂಚಕ್ಕೆ ಹೊರಟುಬಿಡುತ್ತಾರೆ. ಬಾಯಿಂದ ಕೊಟ್ಟ ಔಷಧ ಕೆಲಸ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ರಕ್ತನಾಳಕ್ಕೆ ಕೊಟ್ಟುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಆ ಹೊತ್ತಿಗೆ ಹಿಂದಿರುಗಿ ಬಂದು, ಅದೇ ಮುಖಗಳ ಚೀಟಿಯನ್ನು ಮತ್ತೆ ಮಗುವಿನ ಮುಂದೆ ಹಿಡಿದು, ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲಿ ಬರೆಯಬೇಕು. ಅಲ್ಲಿಯೂ 8 ಎಂದೇ ಇದ್ದರೆ ಹಿರಿಯ ವೈದ್ಯರನ್ನು ನಿದ್ದೆಯಿಂದ ಎಬ್ಬಿಸಬೇಕು.